ಹತ್ತು ಹೊಲಿಗೆ ಯಂತ್ರಗಳ ಅರ್ಜಿ ಹಿಡಿದು ಮಾವೊರಿಗಳ ಮನೆಗೆ

ಗುಬ್ಬಿ

ಕಿಟಕಿ ಪಕ್ಕದ ಸೀಟು ಸಿಕ್ಕರೂ ಹೊರಗೆ ನೋಡದೆ ನಿದ್ದೆ ಹೊಡೆಯುವ ಜಾತಿ ನನ್ನದು. ತುಮಕೂರಿನಿಂದ ಗುಬ್ಬಿಗೆ ಬರುವ ಪ್ಯಾಸೆಂಜರ್ ರೈಲಿನಲ್ಲಿ ಎಷ್ಟೋ ಸಲ ನಿಟ್ಟೂರಿನವರೆಗೆ ಹೋಗಿ, ಅಲ್ಲಿ ಎಚ್ಚರವಾಗಿ, ಬಸ್ಸು ಹಿಡಿದು ವಾಪಸು ಬಂದಿದ್ದೇನೆ. ಅಂಥವನು ಭೂಮಿಯ ಆ ತುದಿಯಲ್ಲಿರುವ ನ್ಯೂಜಿಲೆಂಡಿಗೆ ಹೋಗಿಬಂದೆ ಎಂದರೆ ಅದು ನನ್ನ ಪ್ರವಾಸದ ಹುಚ್ಚಿನಿಂದಲ್ಲ, ನನ್ನ ಇಂಗ್ಲಿಷಿನಿಂದ.

ಗುಬ್ಬಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ತೊಂಬತ್ತರ ದಶಕದಲ್ಲಿ ಜಿಲ್ಲೆಯ ತುಂಬ ಸ್ವಯಂಸೇವಾ ಸಂಘಗಳು ಹುಟ್ಟಿಕೊಂಡವು. ಹುಟ್ಟಿದ ಸಂಘಕ್ಕೆ ಅನುದಾನ ಬೇಕು, ಅನುದಾನಕ್ಕೆ ಅರ್ಜಿ ಬೇಕು, ಅರ್ಜಿಗೆ ಇಂಗ್ಲಿಷ್ ಬೇಕು. ಕೋರದಿಂದ, ಕುಣಿಗಲ್ಲಿನಿಂದ, ತುಮಕೂರಿನ ಬಡಾವಣೆಗಳಿಂದ ಸಂಘದ ಕಾರ್ಯದರ್ಶಿಗಳು ಸ್ಕೂಟರಿನಲ್ಲಿ ಬಂದಿಳಿದು, "ಮೇಷ್ಟ್ರೇ, ಒಂದ್ ಪ್ರಾಜೆಕ್ಟ್ ಬರ್ಕೊಡಿ" ಅನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಜಗಲಿ ಕ್ಷೌರದಂಗಡಿಯಂತೆ ಇರುತ್ತಿತ್ತು. ಕ್ರಮೇಣ ನನ್ನ ಹೆಸರೇ ಪ್ರಾಜೆಕ್ಟ್ ಮೇಷ್ಟ್ರು ಎಂದಾಯಿತು. ಹೆಂಡತಿಗೆ ಇದು ಹಿಡಿಸುತ್ತಿರಲಿಲ್ಲ, ನನಗೆ ಹಿಡಿಸುತ್ತಿತ್ತು.

ನನ್ನ ಕೈಗುಣಕ್ಕೆ ಒಂದು ಗುಟ್ಟಿತ್ತು. ಯಾರ ಪರವಾಗಿ ಬರೆಯುತ್ತೇನೋ ಅವರನ್ನು ಎಷ್ಟು ದೀನರಾಗಿ ತೋರಿಸಲು ಸಾಧ್ಯವೋ ಅಷ್ಟು ದೀನರಾಗಿ ತೋರಿಸುತ್ತಿದ್ದೆ. ಅಜ್ಞಾನ, ಕುಡಿತ, ಕೊಳಕು, ಮೂಢನಂಬಿಕೆ ಈ ನಾಲ್ಕು ಮೊದಲ ಪುಟದಲ್ಲೇ ಬರಬೇಕು. ಎರಡನೇ ಪುಟದಲ್ಲಿ ಪರಿಹಾರ. ಗಂಡಸರಿಗಾದರೆ ಸೀಮೆ ಹಸು, ಹೆಂಗಸರಿಗಾದರೆ ಹೊಲಿಗೆ ಯಂತ್ರ. ಕೊಡುವವರು ಇವೆರಡನ್ನೂ ಎಂದೂ ಇಲ್ಲ ಅನ್ನುತ್ತಿರಲಿಲ್ಲ.

ಊರಿಗೆಲ್ಲ ಬರೆದುಕೊಟ್ಟವನು ನಾನೂ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡೆ. ಕುಣಿಗಲ್ ತಾಲ್ಲೂಕಿನ ಒಂದು ಗುಡ್ಡದ ಬುಡದಲ್ಲಿ ಇರುಳಿಗರ ಕಾಲೊನಿಯಿದೆ. ಹಿಂದೆ ಗುಡ್ಡದಲ್ಲೇ ಜೇನು ಕಿತ್ತು, ಗೆಡ್ಡೆ ಅಗೆದು ಬಾಳಿದ ಜನ. ಸರ್ಕಾರ ಅವರನ್ನು ಕೆಳಗಿಳಿಸಿ ಪುಟ್ಟ ಪುಟ್ಟ ಮನೆ ಕಟ್ಟಿಸಿಕೊಟ್ಟಿತ್ತು. ಅಲ್ಲಿನ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಪಾಠ ಹೇಳಲು ಹೋಗುತ್ತಿದ್ದೆವು. ಆ ಕಾಲೊನಿಗೆ ಯಜಮಾನಿ ಎಂದು ಯಾರೂ ನೇಮಿಸದಿದ್ದರೂ ಎಲ್ಲರೂ ಮಾತು ಕೇಳುತ್ತಿದ್ದದ್ದು ಮಾದಮ್ಮನದು. ಐವತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಕಂಚಿನಂಥ ಗಂಟಲು.

ಆಕೆಯ ಗಂಡ ಮುನಿಯ ಸತ್ತಾಗ ನಾನು ಅಲ್ಲೇ ಇದ್ದೆ. ಇರುಳಿಗರು ಸತ್ತವರನ್ನು ಹೂಳುತ್ತಾರೆ. ತಲೆಮಾರುಗಳಿಂದ ಹೂಳುತ್ತಿದ್ದ ಹಳ್ಳದ ದಂಡೆಗೆ ಆ ವರ್ಷ ಯಾರೋ ತೆಂಗಿನ ತೋಟ ಮಾಡಲೆಂದು ಮುಳ್ಳುತಂತಿ ಬಿಗಿದಿದ್ದರು. ಹೆಣ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ರಸ್ತೆ ಬದಿ ಬಿಸಿಲಿನಲ್ಲಿತ್ತು. ಕೊನೆಗೆ ಕೆರೆ ಅಂಗಳದಲ್ಲಿ, ಮಳೆ ಬಂದರೆ ನೀರು ನಿಲ್ಲುವ ಜಾಗದಲ್ಲಿ, ಹೂತರು. ತಿಥಿ ಮುಗಿದ ಮೇಲೆ ಮಾದಮ್ಮ ನನ್ನ ಬಳಿ ಬಂದು, "ಮೇಷ್ಟ್ರೆ, ಊರೋರ್ಗೆಲ್ಲ ಏನೇನೋ ಬರ್ಕೊಡ್ತೀರಂತೆ. ನಮ್ಗೆ ಹೂಳಕ್ಕೊಂದ್ ತುಂಡ್ ಜಾಗ ಕೊಡ್ಸಿ ಅಂತ ಬರೀರಿ" ಅಂದಳು. ಬರೀತೀನಿ ಬಿಡಮ್ಮ ಅಂದೆ.

ಬರೆಯಲಿಲ್ಲ. ಸ್ಮಶಾನಕ್ಕೆ ಯಾರು ಅನುದಾನ ಕೊಡುತ್ತಾರೆ? ಅಭಿವೃದ್ಧಿ ಎಂದರೆ ಬದುಕಿರುವವರದು, ಸತ್ತವರದಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಲೋಕದ ಮೂಲನಿವಾಸಿ ಸಮುದಾಯಗಳಿಗೆ ನೆರವು ಕೊಡುವ ಒಂದು ನಿಧಿ ನ್ಯೂಜಿಲೆಂಡಿನಲ್ಲಿದೆ, ಅದನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳೇ ನಡೆಸುತ್ತಾರೆ ಎಂದು ಗೆಳೆಯರೊಬ್ಬರು ಹೇಳಿದಾಗ ಎಂದಿನ ಸೂತ್ರದಂತೆ ಅರ್ಜಿ ಬರೆದು, ಇರುಳಿಗ ಹೆಂಗಸರಿಗೆ ಹತ್ತು ಹೊಲಿಗೆ ಯಂತ್ರ ಕೇಳಿ ಅಂಚೆಗೆ ಹಾಕಿದೆ. ಹೊಸ ಶತಮಾನ ಶುರುವಾಗಿ ಆಗಿನ್ನೂ ಎರಡೋ ಮೂರೋ ವರ್ಷ.

ಉತ್ತರ ಬಂತು. ನಾವು ಕಾಗದ ನೋಡಿ ತೀರ್ಮಾನ ಮಾಡುವುದಿಲ್ಲ, ಮುಖ ನೋಡಿ ಮಾಡುತ್ತೇವೆ. ಅರ್ಜಿ ಬರೆದವರೊಬ್ಬರು, ಆ ಸಮುದಾಯದವರೊಬ್ಬರು ಬನ್ನಿ, ಟಿಕೆಟ್ ಕಳಿಸುತ್ತೇವೆ ಎಂದಿತ್ತು. ಮಾದಮ್ಮನಿಗೆ ಹೇಳಿದೆ. "ನಮ್ ಜಾಗದ್ ವಿಚಾರ್ವಾ?" ಎಂದು ಕೇಳಿದಳು. "ಅದೇ, ಎಲ್ಲಾ ಸೇರಿ" ಅಂದೆ. ಆಕೆ ಹೊರಡಲು ಒಪ್ಪಿದ್ದು ಆ ಒಂದು ಮಾತಿನ ಮೇಲೆ. ಪಾಸ್‌ಪೋರ್ಟಿಗೆ ಹುಟ್ಟಿದ ದಿನ ಬೇಕಾಯಿತು. ಎಲ್ಲ ಮೇಷ್ಟ್ರುಗಳ ಹಾಗೆ ಜೂನ್ ಒಂದು ಎಂದು ಬರೆದೆ.

ಆಕ್ಲೆಂಡ್

ವಿಮಾನ ಮೋಡದ ಮೇಲೆ ಹೋದ ಮೇಲೆ ಮಾದಮ್ಮ ಬಹಳ ಹೊತ್ತು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಆಮೇಲೆ ನನ್ನನ್ನು ತಿವಿದು ಎಬ್ಬಿಸಿ, "ಇದು ನಿಂತೈತಾ, ಹೋಯ್ತಾ ಐತಾ?" ಅಂದಳು. ಹೋಗ್ತಾ ಇದೆ ಅಂದೆ. "ಮತ್ತೆ ಏನೂ ಹಿಂದಕ್ಕೇ ಹೋಯ್ತಿಲ್ವಲ್ಲ" ಅಂದಳು. ಮತ್ತೆ ನಿದ್ದೆ ಮಾಡಿದೆ.

ಇಳಿಯುವ ಮುನ್ನ ಒಂದು ಚೀಟಿ ಕೊಟ್ಟರು. ಆಹಾರ ಇದೆಯೇ, ಬೀಜ ಇದೆಯೇ, ಜೇನು ಇದೆಯೇ ಎಂದು ಉದ್ದಕ್ಕೂ ಪ್ರಶ್ನೆ. ಅರ್ಜಿ ತುಂಬುವುದರಲ್ಲಿ ಪಳಗಿದ ಕೈ ನನ್ನದು. ಎರಡೂ ಚೀಟಿಗೆ ಇಲ್ಲ, ಇಲ್ಲ, ಇಲ್ಲ ಎಂದು ಸರಸರನೆ ಗುರುತು ಹಾಕಿದೆ. ಪಕ್ಕದಲ್ಲೇ ಕೂತಿದ್ದವಳನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ.

ಆಕ್ಲೆಂಡಿನ ನಿಲ್ದಾಣದಲ್ಲಿ ಗಿಡ್ಡ ಕಾಲಿನ ಒಂದು ನಾಯಿ ಬಂದು ಮಾದಮ್ಮನ ಚೀಲದ ಮುಂದೆ ಶಿಸ್ತಾಗಿ ಕೂತಿತು. ಅಧಿಕಾರಿಣಿ ಚೀಲ ಬಿಚ್ಚಿಸಿದರು. ಒಳಗೆ ಎರಡು ಸೀರೆ, ಮತ್ತೆ ಸ್ಕ್ವಾಷ್ ಬಾಟಲಿಯಲ್ಲಿ ತುಂಬಿದ ಗುಡ್ಡದ ಜೇನುತುಪ್ಪ. ಬರಿಗೈಲಿ ಯಾರ ಮನೆಗೂ ಹೋಗಬಾರದೆಂದು ಇಡೀ ಕಾಲೊನಿ ಸೇರಿ ಕಿತ್ತು ಕಳಿಸಿದ ತುಪ್ಪ. ಜೇನು ಈ ದೇಶದೊಳಗೆ ಬರುವಂತಿಲ್ಲ, ಸುಳ್ಳು ಬರೆದದ್ದಕ್ಕೆ ದಂಡ ಹಾಕಬೇಕಾಗುತ್ತದೆ ಎಂದರು ಆಕೆ. ಬಾಟಲಿಯಲ್ಲಿ ಏನು ಮಹಾ ಅಪಾಯವಿದೆ ಎಂದು ಜಗಳಕ್ಕೇ ನಿಂತೆ.

"ಏನಂತೆ?" ಅಂದಳು ಮಾದಮ್ಮ.

ಬೇರೆ ದೇಶದ ಜೇನಿನಲ್ಲಿ ರೋಗ ಇರಬಹುದಂತೆ, ಇಲ್ಲಿನ ಹುಳಗಳಿಗೆ ತಗುಲಿದರೆ ಸತ್ತು ಹೋಗುತ್ತವಂತೆ ಎಂದು ಸಿಡುಕಿನಲ್ಲೇ ಹೇಳಿದೆ.

"ಅಯ್ಯೋ, ಕೊಟ್ಬುಡಿ ಮೇಷ್ಟ್ರೆ!" ಎಂದು ಬಾಟಲಿಯನ್ನು ಆಕೆಯೇ ಎತ್ತಿ ಕೊಟ್ಟಳು. "ಹುಳ ಸತ್ರೆ ಗುಡ್ಡನೇ ಸತ್ತಂಗೆ. ಅದ್ಕೆ ಕಾವ್ಲಿಗ್ ಜನ ಇಟ್ಟವ್ರಲ್ಲ, ಒಳ್ಳೆ ಸರ್ಕಾರ ಇದು."

ನಾನು ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿಣಿ ದಂಡದ ಪುಸ್ತಕ ಮುಚ್ಚಿ, ನಮ್ಮನ್ನು ಕಳಿಸಿಕೊಟ್ಟರು. ನಾಯಿಗೆ ಒಂದು ಬಿಸ್ಕತ್ತು ಸಿಕ್ಕಿತು. "ನಾಯ್ಗೂ ನೌಕ್ರಿ ಕೊಟ್ಟವ್ರೆ" ಎಂದು ಮಾದಮ್ಮ ದಾರಿಯುದ್ದಕ್ಕೂ ಹೇಳಿಕೊಂಡು ನಗುತ್ತಿದ್ದಳು.

ಸರೋವರದ ದಂಡೆ: ಮೊದಲ ದಿನ

ನಮ್ಮನ್ನು ಕರೆದೊಯ್ದದ್ದು ರೊಟೊರುವಾ ಎಂಬ ಊರಿನಾಚೆ, ಒಂದು ಸರೋವರದ ದಂಡೆಗೆ. ಆ ಸೀಮೆಯಲ್ಲಿ ರಸ್ತೆ ಬದಿಯ ಚರಂಡಿಯಿಂದಲೂ ಹಬೆ ಏಳುತ್ತದೆ. ಊರಿಗೆಲ್ಲ ಗಂಧಕದ ವಾಸನೆ. ಮೊದಲು ನಾನು ಪಕ್ಕದಲ್ಲಿ ಕೂತವರ ಮೇಲೆ ಅನುಮಾನ ಪಟ್ಟೆ. ಅವರೂ ನನ್ನ ಮೇಲೆ ಪಟ್ಟಿರಬೇಕು, ಕಿಟಕಿ ಇಳಿಸಿದರು.

ಮಾವೊರಿಗಳ ಸಭಾಮನೆಗೆ ಸೀದಾ ನುಗ್ಗುವಂತಿಲ್ಲ. ಬೇರೆ ಬೇರೆ ದೇಶಗಳಿಂದ ಅರ್ಜಿ ಹಿಡಿದು ಬಂದಿದ್ದ ನಾವೆಲ್ಲ ಗೇಟಿನ ಹೊರಗೆ ಗುಂಪಾಗಿ ನಿಂತೆವು. ಮನೆಯ ಜಗಲಿಯಲ್ಲಿ ಕಪ್ಪು ಬಟ್ಟೆಯ ಮುದುಕಿಯೊಬ್ಬರು ನಿಂತು ಒಮ್ಮೆಲೇ ದನಿ ಎತ್ತಿ ಕೂಗಿದರು. ಹಾಡೂ ಅಲ್ಲ, ಅಳುವೂ ಅಲ್ಲ. ಅಂಗಳ ದಾಟಿ ಬಂದು ಎದೆಗೆ ತಾಗುವ ಕರೆ. ಬಂದವರ ಕಡೆಯಿಂದ ಒಬ್ಬ ಹೆಂಗಸು ಓಗೊಡಬೇಕು, ಅದಕ್ಕೆಂದು ಒಬ್ಬರನ್ನು ಅವರೇ ಗೊತ್ತು ಮಾಡಿದ್ದರು. ಆಕೆ ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಿಂದ "ಓ…ಹೋ…ಯ್" ಎಂದು ಮಾದಮ್ಮ ಓಗೊಟ್ಟಳು. ಗುಡ್ಡದ ಈ ಬಂಡೆಯಿಂದ ಆ ಬಂಡೆಗೆ ಇರುಳಿಗರು ಕೂಗುವ ಕೂಗು. ಸರೋವರದಾಚೆಯಿಂದ ಅದು ತಿರುಗಿ ಕೇಳಿಸಿತು.

"ಸುಮ್ನಿರಮ್ಮ!" ಎಂದು ಹಲ್ಲು ಕಚ್ಚಿದೆ.

"ಕರೀತಾವ್ರೆ ಮೇಷ್ಟ್ರೆ. ಓ ಅನ್ನದೆ ನಿಂತ್ಕೊಂಡ್ರೆ ಏನಂದ್ಕತಾರೆ?"

ಏನೂ ಅಂದುಕೊಳ್ಳಲಿಲ್ಲ. ಜಗಲಿಯ ಮುದುಕಿ ಈಗ ಅವಳೊಬ್ಬಳನ್ನೇ ನೋಡುತ್ತ ಮತ್ತೆ ಕೂಗಿದರು, ಇವಳು ಮತ್ತೆ ಓಗೊಟ್ಟಳು, ನಾವೆಲ್ಲ ಆ ದನಿಗಳ ನಡುವೆ ಹೆಜ್ಜೆ ಹಾಕಿ ಒಳಗೆ ಹೋದೆವು.

ಒಳಗೆ ಭಾಷಣ. ನಾನು ಐದು ಪುಟ ಬರೆದು ತಂದಿದ್ದೆ, ಚೆನ್ನಾಗಿಯೇ ಓದಿದೆ. ಓದಿ ಕೂರಲು ಹೋದರೆ ಯಾರೂ ಅಲುಗಾಡಲಿಲ್ಲ. ಅಲ್ಲಿ ಭಾಷಣ ಮುಗಿದ ಮೇಲೆ ಮಾತಾಡಿದವನ ಕಡೆಯವರು ಎದ್ದು ನಿಂತು ಹಾಡಬೇಕು. ಹಾಡು ಆಗದೆ ಮಾತು ಮುಗಿದಂತಲ್ಲ. ಇಪ್ಪತ್ತು ವರ್ಷ ಶಾಲೆಯ ಪ್ರಾರ್ಥನೆಗೆ ತುಟಿ ಅಲ್ಲಾಡಿಸಿ ನಿಂತವನು ನಾನು. ಗಂಟಲಲ್ಲಿ ಹಾಡು ಹುಡುಕುತ್ತಿರುವಾಗ ಮಾದಮ್ಮ ಎದ್ದು, ಸೆರಗು ಸಿಕ್ಕಿಸಿಕೊಂಡು, ಜೇನು ಕೊಯ್ಯಲು ಹೋದವನಿಗೆ ಕೆಳಗೆ ನಿಂತವರು ಧೈರ್ಯ ಹೇಳುವ ಪದ ಹಾಡಿದಳು. ಕೊನೆಗೆ ಹೊರಗಿನಿಂದ ಬಂದವರೆಲ್ಲ ತಮ್ಮ ತಮ್ಮ ಕಾಣಿಕೆಯನ್ನು ನೆಲದ ಮೇಲಿಟ್ಟರು. ನಮ್ಮ ಹತ್ತಿರ ಏನೂ ಇರಲಿಲ್ಲ. "ನಮ್ ಕಾಣ್ಕೆ ವಿಮಾನ್ ಇಳ್ಯೋತಾವ್ ಐತೆ, ನಿಮ್ ಹುಳುಗಳ್ಗೋಸ್ಕರ ಬುಟ್ ಬಂದ್ವಿ ಅಂತ ಹೇಳಿ" ಅಂದಳು. ಹೇಳಿದೆ. ಮನೆಯೇ ಹಾರಿಹೋಗುವಂತೆ ನಕ್ಕರು.

ಆಮೇಲೆ ಎಲ್ಲರ ಜೊತೆ ಮೂಗಿಗೆ ಮೂಗು ತಾಗಿಸುವ ಅವರ ನಮಸ್ಕಾರ. ಕನ್ನಡಕ ತೆಗೆಯದೆ ಹೋಗಿ ಮೂವರ ಹುಬ್ಬಿಗೆ ಏಟು ಕೊಟ್ಟೆ. ಮೂಗು ತಾಗಿಸಿದಾಗ ಇಬ್ಬರ ಉಸಿರೂ ಒಂದಾಗುತ್ತದೆಂದು ಅವರ ನಂಬಿಕೆ. ನಮ್ಮಲ್ಲಿ ನಾಲ್ಕು ಮೊಳ ದೂರದಿಂದಲೇ ಕೈ ಮುಗಿದುಬಿಡುತ್ತೇವೆ. ಅಲ್ಲಿ ನಿಂತು ಲೆಕ್ಕ ಹಾಕಿದೆ: ಆರು ವರ್ಷದಿಂದ ಬಲ್ಲ ಮಾದಮ್ಮನ ಕೈಯನ್ನು ಕೂಡ ನಾನು ಒಂದು ಸಲವೂ ಮುಟ್ಟಿರಲಿಲ್ಲ.

ಎರಡನೇ ದಿನ

ಆ ಸಭಾಮನೆ ಅವರಿಗೆ ಕಟ್ಟಡವಲ್ಲ, ಮೂಲಪುರುಷನೊಬ್ಬನ ಮೈ. ಮೇಲಿನ ತೊಲೆ ಅವನ ಬೆನ್ನುಮೂಳೆ, ಜಂತೆಗಳು ಪಕ್ಕೆಲುಬು. ಆ ಪಕ್ಕೆಲುಬುಗಳ ಕೆಳಗೆ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲ ಸಾಲಾಗಿ ಹಾಸಿಗೆ ಹಾಕಿ ಮಲಗುವುದು. ನಮ್ಮ ಮದುವೆ ಛತ್ರದ ಹಾಗೇ, ಗೊರಕೆಯೂ ಸೇರಿ.

ಬೆಳಿಗ್ಗೆ ಡೈರಿ ಬರೆಯಲು ಒಂದು ದಿಂಬಿನ ಮೇಲೆ ಕೂತೆ. ಹಿಂದಿನಿಂದ ಯಾರೋ ಮೆಲ್ಲಗೆ ಭುಜ ತಟ್ಟಿ ಎಬ್ಬಿಸಿ ದಿಂಬು ಎತ್ತಿಕೊಂಡರು. ಜಗಲಿಯಲ್ಲಿ ನಿಂತು ಕರೆದಿದ್ದ ಅದೇ ಮುದುಕಿ, ಹೆಸರು ಹೀನೆ. ಅಡುಗೆಮನೆಗೂ ಆಕೆಯೇ ಯಜಮಾನಿ. ತಲೆ ಪವಿತ್ರ, ತಲೆ ಇಡುವ ಕಡೆ ಕುಂಡಿ ಇಡಬಾರದು ಎಂದು ವಿವರಿಸಿದರು. ಒಂದು ಗಂಟೆಯೊಳಗೆ ಇನ್ನೊಂದು ತಪ್ಪು ಮಾಡಿದೆ. ಸಹಾಯ ಮಾಡೋಣವೆಂದು ಪಾತ್ರೆ ಒರೆಸುವ ಬಟ್ಟೆಗಳನ್ನು ನನ್ನ ಬನಿಯನ್ನಿನ ಜೊತೆ ಒಗೆಯಲು ಹಾಕಿದೆ. ಹೀನೆ ಅದನ್ನು ಕಂಡು ಹೌಹಾರಿದರು. ಮೈಯ ಬಟ್ಟೆ, ಅನ್ನದ ಬಟ್ಟೆ ಎಂದಿಗೂ ಕೂಡಬಾರದಂತೆ. ಅಷ್ಟನ್ನೂ ತೆಗೆಸಿ ಬೇರೆ ಒಗೆಸಿದರು. ನಮ್ಮಮ್ಮ ಇದ್ದಿದ್ದರೆ ಆಕೆಯನ್ನು ಮೆಚ್ಚಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲೂ ಅಡುಗೆಮನೆ ಬಟ್ಟೆಯ ಬಗ್ಗೆ ಇಷ್ಟೇ ಬಿಗಿ.

ಆದರೆ ಒಂದು ವ್ಯತ್ಯಾಸ ಇತ್ತು, ಅದನ್ನು ಹೇಳದೆ ಬಿಟ್ಟರೆ ಈ ಕಥನಕ್ಕೆ ಅರ್ಥವಿಲ್ಲ. ಹೀನೆಯ ಅಡುಗೆಮನೆಯಲ್ಲಿ ಬಟ್ಟೆಗೆ ಬಟ್ಟೆ ಸೇರಬಾರದು, ಮನುಷ್ಯರಿಗೆ ಅಡ್ಡಿಯಿಲ್ಲ. ನಾನು ನೋಡನೋಡುತ್ತಿದ್ದ ಹಾಗೇ ಮಾದಮ್ಮ ಒಳಗೆ ಹೋಗಿ ನಡುಮಧ್ಯ ಕೂತು ಗೆಣಸು ಸುಲಿಯತೊಡಗಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಎರಡು ಗಂಟೆ ಹರಟಿದರು. ಗುಬ್ಬಿಯ ನಮ್ಮ ಮನೆಗೆ ಮಾದಮ್ಮ ಬಂದಾಗಲೆಲ್ಲ ಜಗಲಿಯಲ್ಲಿ ಕೂರುತ್ತಿದ್ದಳು. ಕಾಫಿಗೆ ಬೇರೆ ಲೋಟ. ಅವಳ ಪರವಾಗಿ ದೇಶವಿದೇಶಕ್ಕೆ ಅರ್ಜಿ ಬರೆಯುತ್ತಿದ್ದ ನಾನು ಆ ಲೋಟವನ್ನು ಕಂಡೂ ಕಾಣದವನ ಹಾಗೆ ಇದ್ದೆ. ಅಲ್ಲಿ ಬಾಗಿಲಲ್ಲಿ ನಿಂತು ನನಗೆ ನಿಜವಾಗಿ ನಾಚಿಕೆಯಾಯಿತು.

ಮಧ್ಯಾಹ್ನ ಹೀನೆ ನಮ್ಮಿಬ್ಬರನ್ನು ಸಭಾಮನೆಯ ಹಿಂದಿನ ದಿಬ್ಬಕ್ಕೆ ಕರೆದೊಯ್ದರು. ಬಿಳಿ ಬೇಲಿ, ಹಸಿರು ಹುಲ್ಲು, ಸಾಲಾಗಿ ಗೋರಿಗಳು. ಮನೆಗೆ ಬಂದ ನೆಂಟರಿಗೆ ಮನೆಯವರ ಪರಿಚಯ ಮಾಡಿಸುವ ಹಾಗೆ ಒಂದೊಂದರ ಮುಂದೆ ನಿಂತು, ಇವಳು ನನ್ನಮ್ಮ, ಇವನು ನನ್ನ ಗಂಡ, ಮಹಾ ತುಂಟ ಎಂದರು. ಗಂಡನ ಕಲ್ಲಿನ ಮೇಲೆ ಬಿದ್ದಿದ್ದ ಎಲೆ ತೆಗೆದರು.

ಮಾದಮ್ಮ ಬೇಲಿಯುದ್ದಕ್ಕೂ ಒಂದು ಸುತ್ತು ನಡೆದು ಬಂದಳು. ಆಮೇಲೆ, "ಇದು ಯಾರ್ ಜಾಗ ಅಂತ ಕೇಳಿ" ಅಂದಳು.

ನಮ್ಮದೇ ಎಂದರು ಹೀನೆ.

"ಯಾರೂ ಬೇಲಿ ಹಾಕ್ಲಿಲ್ವಂತಾ?"

ಹಾಕಿದ್ದು ನಾವೇ, ದನ ನುಗ್ಗಬಾರದಲ್ಲ ಎಂದರು.

ಹೊರಗೆ ಬರುವಾಗ ಗೇಟಿನ ಬಳಿಯ ನೀರಿನಲ್ಲಿ ಕೈ ತೊಳೆಯಬೇಕು. ಮಾದಮ್ಮ ತೊಳೆದುಕೊಳ್ಳುತ್ತಾ ನನ್ನ ಮುಖ ನೋಡದೆ ಕೇಳಿದಳು: "ನಮ್ದೂ ಬರ್ದಿದೀರಲ್ಲ ಮೇಷ್ಟ್ರೆ? ಇವ್ರಿಗ್ ಅರ್ಥ ಆಯ್ತದೆ ಬುಡಿ. ಕೊಡ್ತಾರೆ."

"ಬರ್ದಿದೀನಿ" ಅಂದೆ.

ಮೂರನೇ ದಿನ

ನಿಧಿಯ ಹಿರಿಯ ವೀರೆಮು ಎಂಬುವರು. ಕೋಲೂರಿ ನಡೆಯುವ ಭಾರಿ ಆಳು, ಮಾತು ಮಾತ್ರ ಬಹಳ ಮೆತ್ತಗೆ. ಬೆಳಿಗ್ಗೆ ಎಲ್ಲರೂ ಗೋಡೆಗೆ ಒರಗಿ ಕೂತ ಮೇಲೆ ಅವರು ಕ್ರಮ ಹೇಳಿದರು. ಅರ್ಜಿ ಯಾರ ಬಗ್ಗೆ ಬರೆದಿದೆಯೋ ಅವರ ಎದುರು ಕೂತು ಗಟ್ಟಿಯಾಗಿ ಓದಬೇಕು. ಒಂದೊಂದು ಪ್ಯಾರಾ ಓದಿದ ಮೇಲೂ ಅವರ ಭಾಷೆಯಲ್ಲಿ ಅವರಿಗೆ ಹೇಳಬೇಕು. ಅವರು ಹೂಂ ಅಂದ ಮೇಲೆ ಮುಂದಿನದು. ನಮ್ಮ ಬಗ್ಗೆ ನಮಗೆ ತಿಳಿಯದ ಭಾಷೆಯಲ್ಲಿ ಬಹಳ ಜನ ಬಹಳ ಬರೆದಿದ್ದಾರೆ, ಅದಕ್ಕೇ ಈ ಕ್ರಮ ಎಂದರು.

ಈ ಕ್ರಮ ನನಗೆ ಮೊದಲೇ ಗೊತ್ತಿರಲಿಲ್ಲ. ಎದುರಿಗೆ ಮಾದಮ್ಮ ಚಕ್ಕಳಮಕ್ಕಳ ಹಾಕಿ, ಒಳ್ಳೆಯ ಸುದ್ದಿ ಕೇಳಲು ಕೂತವಳಂತೆ ಕೂತಿದ್ದಳು. ಕನ್ನಡ ಬಲ್ಲವರು ಅಲ್ಲಿ ನಾವಿಬ್ಬರೇ ಎಂಬುದು ಹೊಳೆದ ಮೇಲೆ ಸ್ವಲ್ಪ ಧೈರ್ಯ ಬಂತು. ಮೊದಲ ಪ್ಯಾರಾ ಓದಿದೆ. ಇರುಳಿಗರು ಅಜ್ಞಾನದಲ್ಲಿ ಮುಳುಗಿದ ಜನ, ಕುಡಿತಕ್ಕೆ ದಾಸರು, ಕೊಳಕಿನ ಅರಿವಿಲ್ಲದವರು, ಯಾವ ಕಸುಬೂ ತಿಳಿಯದವರು, ತಮಗೇನು ಬೇಕೆಂದು ಹೇಳಲೂ ಬಾರದ ಮೂಕರು ಎಂದು ಅದರಲ್ಲಿತ್ತು. ಓದಿ ಮುಗಿಸಿ ಕನ್ನಡದಲ್ಲಿ ಹೇಳಿದೆ: "ಇರುಳಿಗರು ಕುಣಿಗಲ್ ತಾಲ್ಲೂಕಿನಲ್ಲಿದ್ದಾರೆ. ಬಡವರು. ಸಹಾಯ ಬೇಕು ಅಂತ ಬರೆದಿದೀನಿ."

ಮಾದಮ್ಮ ಹೂಂ ಅನ್ನಲಿಲ್ಲ. ಅವಳು ನನ್ನನ್ನು ನೋಡುತ್ತಲೂ ಇರಲಿಲ್ಲ. ಗೋಡೆಗೆ ಒರಗಿದ್ದ ಜನರನ್ನು ಒಬ್ಬೊಬ್ಬರಾಗಿ ನೋಡಿ, "ನೀವ್ ಓದ್ತಿರೋವಾಗ ಇವ್ರ್ ಮುಖ ಯಾಕ್ ಹಂಗಾಯ್ತು?" ಅಂದಳು. "ಆ ಅಮ್ಮ ನನ್ ಕಡೆ ನೋಡಿ ತಲೆ ಬಗ್ಗುಸ್ಬುಟ್ರು. ಬಡವ್ರು ಅಂದಿದ್ಕೆ ಯಾರಾನ ತಲೆ ಬಗ್ಗುಸ್ತಾರಾ? ಏನ್ ಬರ್ದಿದೀರಿ ಸರ್ಯಾಗ್ ಹೇಳಿ ಮೇಷ್ಟ್ರೆ."

ಇಪ್ಪತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನನ್ನು ಯಾರೋ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಯಿತು. ಹೇಳಿದೆ. ಒಂದೊಂದೇ ಪದ, ಇದ್ದದ್ದು ಇದ್ದ ಹಾಗೆ. ಹೊಲಿಗೆ ಯಂತ್ರದವರೆಗೂ ಹೇಳಿದೆ. ಮುಗಿದರೂ ಆಕೆ ಕಾಯುತ್ತಿದ್ದಳು.

"ಜಾಗದ್ದು?"

"ಬರೆದಿಲ್ಲ."

"ನಿನ್ನೆ ಬರ್ದಿದೀನಿ ಅಂದ್ರಿ."

"ಸುಳ್ಳು ಹೇಳಿದೆ ಮಾದಮ್ಮ. ಅದಕ್ಕೆ ಯಾರೂ ದುಡ್ಡು ಕೊಡಲ್ಲ ಅಂದ್ಕೊಂಡೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಬೈದಳು.

"ಕುಡೀತಾರೆ ಅಂತ ಬರ್ದಿದೀರಿ. ಕುಡೀತಾರೆ, ಇಲ್ಲ ಅನ್ನಲ್ಲ. ನಿಮ್ ಗುಬ್ಬೀಲ್ ಯಾರೂ ಕುಡ್ಯಲ್ವಾ? ಕಸ್ಬು ಗೊತ್ತಿಲ್ಲ ಅಂತೆ! ಆವತ್ ಗುಡ್ಡದ್ ಮ್ಯಾಲೆ ಗೆಡ್ಡೆ ಕಿತ್ತು ಬಾಯಿಗ್ ಇಟ್ಕಳಕ್ ಹೋಗಿದ್ರಲ್ಲ, ವಿಷ ಅಂತ ಗೆಡ್ಡೆ ಕಿತ್ಕಂಡು ಬಿಸಾಕ್ದೋರ್ ಯಾರು? ಬಾಯಿ ಬರಲ್ಲ ಅಂತ ಬೇರೆ ಬರ್ದಿದೀರಿ. ನಾನ್ ಬಾಯ್ಬುಟ್ಟು ಕೇಳಿದ್ದು ಒಂದೇ ಒಂದು. ಅದನ್ನೇ ಬುಟ್ಬುಟ್ರಲ್ಲ. ಹೊಲ್ಗೆ ಮಿಷನ್ ಯಾರ್ ಕೇಳಿದ್ರು ನಿಮ್ಮನ್ನ?"

ಏನು ಹೇಳುತ್ತಿದ್ದಾರೆ ಎಂದು ವೀರೆಮು ಮೆತ್ತಗೆ ಕೇಳಿದರು. ನನ್ನನ್ನು ಬೈದದ್ದನ್ನೆಲ್ಲ ನಾನೇ ಇಂಗ್ಲಿಷಿಗೆ ತಂದು ಹೇಳಬೇಕಾಯಿತು. ಒಂದು ಮಾತನ್ನೂ ಬಿಡಲಿಲ್ಲ. ಬಿಟ್ಟರೆ ಅವಳು ಮುಖ ನೋಡಿ ಕಂಡುಹಿಡಿಯುತ್ತಾಳೆಂದು ಈಗ ಗೊತ್ತಾಗಿತ್ತು. ಹೊಲಿಗೆ ಯಂತ್ರ ಬೇಡವೇ ಎಂದು ಯಾರೋ ಕೇಳಿದರು. "ಸೀರೆ ಉಡೋರ್ಗೆ ಹೊಲ್ಯದೇನೈತೆ?" ಅಂದಳು. ಹೆಂಗಸರ ಸಾಲಿನಲ್ಲಿ ನಗೆ ಎದ್ದಿತು. ಮತ್ತೇನು ಬೇಕು ಎಂದರು ವೀರೆಮು.

ಮಾದಮ್ಮ ಎದ್ದು ನಿಂತಳು. ಗಂಡನ ಹೆಣ ರಸ್ತೆ ಬದಿ ಇದ್ದದ್ದನ್ನು ಹೇಳಿದಳು. ನೊಣ ಓಡಿಸಲು ಕೂತಿದ್ದೆ ಅಂದಳು. "ಬದ್ಕಿರಕ್ಕೆ ಹೆಂಗೋ ಜಾಗ ಮಾಡ್ಕಂತೀವಿ. ಸತ್ತೋರು ತಾವೇ ಎದ್ದು ಹುಡ್ಕಕ್ಕಾಯ್ತದಾ? ನಮ್ದು ಅಂತ ಒಂದ್ ತುಂಡು ಬೇಕು. ನೀವು ಅಲ್ಲಿ ಮಡೀಕೊಂಡಿದೀರಲ್ಲ, ಅಂತದ್ದು" ಎಂದು ದಿಬ್ಬದ ಕಡೆ ಕೈ ತೋರಿಸಿದಳು.

ಅದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ. ಯಾರೂ ಅವಸರ ಮಾಡಲಿಲ್ಲ. ಅವರ ಸಭೆಗಳಲ್ಲಿ ಮತ ಹಾಕುವುದಿಲ್ಲ, ಕೈ ಎತ್ತುವುದಿಲ್ಲ; ಹೇಳಬೇಕಾದವರೆಲ್ಲ ಹೇಳಿ ಮುಗಿಸುವವರೆಗೆ ಕೂರುತ್ತಾರೆ. ಒಬ್ಬರ ಮೇಲೊಬ್ಬರು ಎದ್ದು ಮಾತಾಡಿದರು. ಒಬ್ಬರು ಸಂದೇಹ ತೆಗೆದರು: ಇದು ಹೇಗೆ ಅಭಿವೃದ್ಧಿ? ನನ್ನದೇ ಪ್ರಶ್ನೆ. ಹೀನೆ ಕೂತಲ್ಲಿಂದಲೇ, ನಮ್ಮವರು ಈ ದಂಡೆ ಬಿಟ್ಟು ಹೋಗದೆ ಉಳಿದದ್ದು ಆ ದಿಬ್ಬದಲ್ಲಿ ಮಲಗಿರುವವರ ದೆಸೆಯಿಂದ, ಮಿಕ್ಕದ್ದೆಲ್ಲ ಆಮೇಲೆ ಬಂತು ಎಂದರು. ಸಂದೇಹ ತೆಗೆದವರು ಒಪ್ಪಿ ತಲೆಯಾಡಿಸಿ ಕೂತರು. ಮಧ್ಯಾಹ್ನದ ಊಟದ ಹೊತ್ತು ಮೀರಿ ಎಲ್ಲರೂ ಸುಮ್ಮನಾದ ಮೇಲೆ ಕೊಡೋಣ ಎಂದು ವೀರೆಮು ಹೇಳಿದರು.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು, ನನ್ನನ್ನಲ್ಲ, ಮಾದಮ್ಮನನ್ನು. ನೆರವು ನಿಮ್ಮ ಜನರ ಹೆಸರಿಗೇ ಬರುತ್ತದೆ. ಈ ಮನುಷ್ಯ ನಿಮ್ಮ ಜೊತೆ ಇರಬೇಕೋ ಬೇಡವೋ?

ಇದನ್ನೂ ನಾನೇ ಕನ್ನಡಕ್ಕೆ ತಂದು ಅವಳಿಗೆ ಕೇಳಬೇಕು. ಕೇಳಿದೆ. ಮಾದಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಸಂತೆಯಲ್ಲಿ ಮುದಿ ಎತ್ತು ನೋಡುವ ಹಾಗೆ.

"ಇರ್ಲಿ ಬುಡಿ" ಅಂದಳು. "ಬರ್ಯಕ್ ಬತ್ತದೆ ಅವ್ರಿಗೆ. ಬರ್ದಿದ್ದನ್ನ ಕಳ್ಸೋಕ್ ಮೊದ್ಲು ನಮ್ಗೆ ಓದ್ ಹೇಳ್ಲಿ, ಅಷ್ಟೇಯ."

ಮರುದಿನ ಹೊರಡುವಾಗ ಹೀನೆ ಮತ್ತು ಮಾದಮ್ಮ ಮೂಗಿಗೆ ಮೂಗು ತಾಗಿಸಿ ಬಹಳ ಹೊತ್ತು ನಿಂತಿದ್ದರು. ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ನನ್ನ ಸರದಿಗೆ ಕಾದೆ. ಲೋಕದಲ್ಲಿ ಇನ್ನೆಷ್ಟೋ ದೇಶಗಳಿರಬಹುದು. ಕೊಡುವ ಕೈ ಇಷ್ಟು ತಗ್ಗಿನಲ್ಲಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ, ಅವರ ಮೇಲಿನ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಕುಣಿಗಲ್

ಊರಿಗೆ ಬಂದು ಕಚೇರಿಯಿಂದ ಕಚೇರಿಗೆ ಅಲೆದು, ಬೇಕಾದ ಅನುಮತಿಗಳನ್ನೆಲ್ಲ ಪಡೆದು, ಸ್ಮಶಾನಕ್ಕೆ ಜಮೀನು ಕೊಡಲು ಒಪ್ಪುವ ಒಬ್ಬ ರೈತನನ್ನು ಹುಡುಕಿ ನೋಂದಣಿ ಮಾಡಿಸುವಷ್ಟರಲ್ಲಿ ಎರಡು ಚಪ್ಪಲಿ ಸವೆದವು. ಕೊಟ್ಟ ಒಂದೊಂದು ಮನವಿಯನ್ನೂ ಮೊದಲು ಕಾಲೊನಿಯ ಬೇವಿನ ಮರದಡಿ ಕನ್ನಡದಲ್ಲಿ ಓದಿದೆ. ಎರಡು ಸಲ ತಿದ್ದಿಸಿದರು. ಗುಡ್ಡದ ಬುಡದಲ್ಲಿ ಅರ್ಧ ಎಕರೆ ಇರುಳಿಗರದಾಯಿತು. ಬೇಲಿಯನ್ನು ಅವರೇ ಹಾಕಿದರು. ಮುನಿಯನನ್ನು ಕೆರೆ ಅಂಗಳದಿಂದ ಎಬ್ಬಿಸಿ ತರುವಂತಿರಲಿಲ್ಲ. ಅಲ್ಲಿಂದ ಮಾದಮ್ಮ ಒಂದು ಹಿಡಿ ಮಣ್ಣು ತಂದು ಹೊಸ ಜಾಗದ ಮೂಲೆಯಲ್ಲಿ ಹಾಕಿ ಕಲ್ಲು ನೆಟ್ಟಳು. ಆ ದಿನ ಗುಬ್ಬಿಯಿಂದ ನನ್ನ ಹೆಂಡತಿಯೂ ಬಂದಿದ್ದಳು. ಕಾಲೊನಿಯಲ್ಲಿ ಎಲ್ಲರ ಜೊತೆ ಕೂತು ಮುದ್ದೆ ಉಂಡಳು.

ವರ್ಷ ಕಳೆದ ಮೇಲೆ ವೀರೆಮು ಅವರಿಂದ ಕಾಗದ ಬಂತು. ಜಾಗ ಹೇಗಿದೆ, ಅಲ್ಲಿ ಈಗ ಯಾರ್ಯಾರು ಮಲಗಿದ್ದಾರೆ, ಹೆಸರುಗಳನ್ನು ಬರೆದು ಕಳಿಸಿ, ನಮ್ಮ ಸಭೆಯಲ್ಲಿ ಓದಿ ಅವರಿಗೆ ಗೌರವ ಸಲ್ಲಿಸುತ್ತೇವೆ ಎಂದಿತ್ತು.

ನನಗೆ ಪೇಚಿಗಿಟ್ಟುಕೊಂಡಿತು. ಆ ವರ್ಷವಿಡೀ ಕಾಲೊನಿಯಲ್ಲಿ ಯಾರೂ ಸತ್ತಿರಲಿಲ್ಲ. ಹಾಸಿಗೆ ಹಿಡಿದಿದ್ದ ಮುದುಕನೊಬ್ಬ ಕೂಡ ಎದ್ದು ಓಡಾಡುತ್ತಿದ್ದ. ಅಷ್ಟೆಲ್ಲ ಕೇಳಿ ಪಡೆದ ಜಾಗವನ್ನು ಒಬ್ಬರೂ ಬಳಸಿಲ್ಲ ಎಂದು ಬರೆಯುವುದು ಹೇಗೆ? ಹಳೆಯ ಚಾಳಿ ಕೈಯನ್ನು ತುರಿಸಿತು. ಪೆನ್ನು ಹಿಡಿದು ಬೇವಿನ ಮರದಡಿ ಕೂತು, ಏನು ಬರೆಯಲಿ ಎಂದು ಮಾದಮ್ಮನನ್ನೇ ಕೇಳಿದೆ.

"ಇದ್ದಂಗೆ ಬರೀರಿ" ಅಂದಳು. "ನನ್ ಗಂಡ ಒಂದ್ ಹಿಡಿ ಅವ್ನೆ. ಮಿಕ್ಕೋರೆಲ್ಲ ಬದ್ಕಿದೀವಿ. ನಮ್ದೂ ಅಂತ ಜಾಗ ಐತೆ ಅಂತ ಗೊತ್ತಾದ್ಮ್ಯಾಲೆ ಇಲ್ಲಿ ಯಾರ್ಗೂ ಸಾಯಕ್ ಅವಸ್ರ ಇಲ್ಲ."